ಶೇಕಡಾ 62ರಲ್ಲಿ ನಿಂತ ಫಾರ್ಮ್ಯಾಟ್

ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದ ಮೇಲೆ ಲಗ್ನಪತ್ರಿಕೆಯೂ ಇಲ್ಲ. ಸಾಗರದಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನಗೆ ವರ್ಷದಲ್ಲಿ ಕೈ ಖಾಲಿಯಾಗುವ ತಿಂಗಳು ಅದೊಂದೇ. ಹೊರಗೆ ಮಳೆ ಹಿಡಿದರೆ ಬಿಡುವುದಿಲ್ಲ. ಒಳಗೆ ಪಹಣಿ ಮುದ್ರಿಸಿಕೊಳ್ಳುವವರು, ಆಧಾರ್ ಪ್ರತಿ ತೆಗೆಸುವವರು ಬಿಟ್ಟರೆ ಗಿರಾಕಿಗಳಿಲ್ಲ. ಕಳೆದ ಆಷಾಢದ ಅಂಥದೊಂದು ಮಧ್ಯಾಹ್ನ, ಅಟ್ಟ ಗುಡಿಸುವ ಉಮೇದು ಬಂದವನಂತೆ ಕಂಪ್ಯೂಟರ್ ಚೊಕ್ಕಟ ಮಾಡಲು ಕುಳಿತೆ. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ಮುಗಿಯುವಾಗ ಶ್ರಾವಣ ಬಂದಿತ್ತು.

ನನ್ನ ಯಂತ್ರದಲ್ಲಿ ಎರಡು ಡಿಸ್ಕ್‌ಗಳಿದ್ದವು. ವಿಂಡೋಸ್ ಇದ್ದದ್ದು 240 ಜಿಬಿಯ ಎಸ್‌ಎಸ್‌ಡಿಯಲ್ಲಿ. ದುಡಿಮೆಯೆಲ್ಲ ಇದ್ದದ್ದು 2014ರಲ್ಲಿ ಕೊಂಡ ಒಂದು ಟಿಬಿಯ ಹಾರ್ಡ್‌ಡಿಸ್ಕ್‌ನಲ್ಲಿ. ಒಂದು ಟಿಬಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ವಿಂಡೋಸ್ ತೋರಿಸುವುದು 931 ಜಿಬಿ. ತಯಾರಿಸುವವರು ಸಾವಿರದ ಮಡಿಯಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಮಡಿಯಲ್ಲಿ ಎಣಿಸುತ್ತದೆ. ಇದು ತಿಳಿಯದೆ ಕೊಂಡ ದಿನವೇ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಿದ್ದೆ. ಪಾಪ, ಅವನಿಗೂ ಉತ್ತರ ಗೊತ್ತಿರಲಿಲ್ಲ. ಆ 931ನ್ನು ಮೂರು ಪಾಲು ಮಾಡಿದ್ದೆ. ಡಿ 300, ಇ 400, ಎಫ್ ಉಳಿದ 231. ಡಿಯಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು, ಪೇಜ್‌ಮೇಕರ್ ಪುಟಗಳು, ಸಹಕಾರಿ ಸಂಘಗಳ ವಾರ್ಷಿಕ ವರದಿಗಳು, ಸ್ಮರಣ ಸಂಚಿಕೆಗಳು. ಇಯಲ್ಲಿ ಗಿರಾಕಿಗಳು ತಂದುಕೊಟ್ಟ ಫೋಟೊಗಳ ರಾಶಿ. ಎಫ್‌ನಲ್ಲಿ ಅದೂ ಇದೂ.

ಇ ಪಾಲು ಕೆಲವು ತಿಂಗಳಿಂದ ಆಮೆಯಾಗಿತ್ತು. ಫೋಲ್ಡರ್ ತೆರೆದರೆ ಚಿಕ್ಕಚಿತ್ರಗಳು ಒಂದೊಂದಾಗಿ ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಕಸ ತುಂಬಿದೆ, ಅದಕ್ಕೇ ಹೀಗೆ ಎಂದು ನಾನೇ ತೀರ್ಮಾನಿಸಿದೆ. ಬೇಕಾದದ್ದನ್ನು ಡಿಗೆ ಮತ್ತು ಎಫ್‌ಗೆ ಸಾಗಿಸಿ, ಇಯನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ಶುರು ಮಾಡುವುದು ನನ್ನ ಯೋಜನೆ. ಸಾಗಿಸುವುದಕ್ಕೇ ಒಂದೂವರೆ ದಿನ ಹಿಡಿಯಿತು. ಎರಡು ಫೋಟೊಗಳು ಬರಲೇ ಇಲ್ಲ. 'ಬಿಟ್ಟುಬಿಡು' ಎಂಬ ಗುಂಡಿ ಒತ್ತಿ ಮುಂದೆ ಹೋದೆ. ಜ್ವರ ಬಂದವನಿಗೆ ಹೊಸ ಅಂಗಿ ತೊಡಿಸಲು ಹೊರಟಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ.

ಮೊದಲು ಮಾಡಿದ್ದು ಕ್ವಿಕ್ ಫಾರ್ಮ್ಯಾಟ್. ಮೂರು ಸೆಕೆಂಡಿನಲ್ಲಿ ಮುಗಿಯಿತು. ಖುಷಿಯಿಂದ ಒಂದು ಫೋಲ್ಡರನ್ನು ಮರಳಿ ಹಾಕಲು ಹೋದರೆ ನಡುವೆ ನಿಂತು, ಸಾಧನದಲ್ಲಿ ಓದು-ಬರಹದ ದೋಷವಿದೆ ಎಂಬ ಸಂದೇಶ ಬಂತು. ಕ್ವಿಕ್ ಫಾರ್ಮ್ಯಾಟ್ ಎಂದರೆ ಏನೆಂದು ಅಂದು ಸಂಜೆ ಓದಿಕೊಂಡೆ. ಅದು ಡಿಸ್ಕನ್ನು ಮುಟ್ಟುವುದೇ ಕಡಿಮೆ. ಪುಸ್ತಕದ ಪರಿವಿಡಿಯನ್ನು ಹರಿದು ಖಾಲಿ ಪರಿವಿಡಿ ಅಂಟಿಸುತ್ತದೆ, ಒಳಗಿನ ಪುಟಗಳು ಹಾಗೇ ಇರುತ್ತವೆ. ಪುಟಕ್ಕೆ ಗೆದ್ದಲು ಹಿಡಿದಿದೆಯೇ ಎಂದು ತಿರುವಿ ನೋಡುವುದಿಲ್ಲ. ಪೂರ್ತಿ ಫಾರ್ಮ್ಯಾಟ್ ಹಾಗಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಪಾಲಿನ ಉದ್ದಕ್ಕೂ ಸೊನ್ನೆ ಬರೆಯುತ್ತಾ ಹೋಗುತ್ತದೆ. ಎಕ್ಸ್‌ಪಿ ಕಾಲದಲ್ಲಿ ಬರೆಯುತ್ತಿರಲಿಲ್ಲ, ಓದಿ ನೋಡುತ್ತಿತ್ತು ಅಷ್ಟೇ.

ಸರಿ, ಪೂರ್ತಿಯೇ ಮಾಡೋಣ ಎಂದು ಟಿಕ್ ಗುರುತು ತೆಗೆದು ಒತ್ತಿದೆ. ಹಸಿರು ಪಟ್ಟಿ ಅರ್ಧ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿತು. ಯಂತ್ರದ ಡಬ್ಬಿಯ ಒಳಗಿಂದ 'ಟಕ್' ಎಂಬ ಸದ್ದು. ಸ್ವಲ್ಪ ಬಿಟ್ಟು ಮತ್ತೊಂದು. ಗಡಿಯಾರದ ಸದ್ದಿನಂತೆ ಲಯವಿರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಹುಡುಕುವವನ ಕಾಲಿನಂತಿತ್ತು. ಆಮೇಲೆ, ಫಾರ್ಮ್ಯಾಟ್ ಪೂರ್ಣಗೊಳಿಸಲು ಆಗಲಿಲ್ಲ ಎಂಬ ಒಂದೇ ಸಾಲು. ಏಕೆ ಆಗಲಿಲ್ಲ ಎಂಬ ಮಾತಿಲ್ಲ. ಎರಡನೆಯ ಸಲ ಕಮಾಂಡ್ ಕಿಟಕಿ ತೆರೆದು ಅಲ್ಲಿಂದ ಮಾಡಿದೆ, ಅಲ್ಲಿ ಅಂಕಿಯಾದರೂ ಕಾಣುತ್ತದೆಂದು. ಶೇಕಡಾ 62. ಅದೇ ಟಕ್. ಮೂರನೆಯ ಸಲವೂ 62. ಮೂರು ಸಲ ಒಂದೇ ಜಾಗದಲ್ಲಿ ಎಡವುವವನಿಗೆ ಕಾಲಿನ ದೋಷವಿಲ್ಲ, ಅಲ್ಲಿ ಕಲ್ಲಿದೆ ಎಂದು ಅರ್ಥಮಾಡಿಕೊಳ್ಳಬೇಕಿತ್ತು. ನಾನು ನಾಲ್ಕನೆಯ ಸಲ ಪ್ರಯತ್ನಿಸಿದೆ.

ಅಷ್ಟರಲ್ಲಿ ಇ ಪಾಲಿನ ಸ್ಥಿತಿ ಹದಗೆಟ್ಟಿತ್ತು. ಕಡತ ವ್ಯವಸ್ಥೆಯ ಜಾಗದಲ್ಲಿ ಎನ್‌ಟಿಎಫ್‌ಎಸ್ ಎಂದಿರಬೇಕಾದಲ್ಲಿ 'ರಾ' ಎಂದು ಕಾಣಿಸಿತು, ಎಂದರೆ ಹಸಿ ಮಣ್ಣು, ಇನ್ನೂ ಮಡಕೆಯಾಗಿಲ್ಲ. ಡಿಸ್ಕ್‌ನ ದೋಷ ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಓಡಿಸಿದರೆ ರಾ ಡ್ರೈವ್‌ಗಳಿಗೆ ಈ ಸೇವೆ ಇಲ್ಲ ಎಂದು ಕೈ ಚೆಲ್ಲಿತು. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆ ಪಾಲನ್ನೇ ಅಳಿಸಿ ಹೊಸದಾಗಿ ಮಾಡಿದೆ. ಅಳಿಯಿತು, ಹುಟ್ಟಿತು, ಮತ್ತೆ ಫಾರ್ಮ್ಯಾಟ್ ಆಗಲಿಲ್ಲ.

ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಊಟಕ್ಕೆ ಕುಳಿತಿದ್ದ. ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಮಾವ, ಡಿಸ್ಕ್‌ಪಾರ್ಟ್ ತೆರೆಯಿರಿ, ಡಿಸ್ಕ್ ಆರಿಸಿ, ಕ್ಲೀನ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅಷ್ಟೇ" ಎಂದ.

ಡಿಸ್ಕ್‌ಪಾರ್ಟ್ ಕಪ್ಪು ಕಿಟಕಿಯ ಸಲಕರಣೆ. ಅಲ್ಲಿ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಪಟ್ಟಿ ಕೇಳಿದೆ. ಡಿಸ್ಕ್ 0, 223 ಜಿಬಿ. ಡಿಸ್ಕ್ 1, 931 ಜಿಬಿ. ಒಂದನ್ನು ಆರಿಸಿದೆ. ಡಿಸ್ಕ್ 1 ಈಗ ಆಯ್ಕೆಯಾಗಿದೆ ಎಂದಿತು. ಕ್ಲೀನ್ ಎಂದು ಟೈಪ್ ಮಾಡಿದೆ. ಎಂಟರ್ ಮೇಲೆ ಬೆರಳಿಟ್ಟವನಿಗೆ ಆ 931 ಎಂಬ ಅಂಕಿ ಕಣ್ಣಿಗೆ ಚುಚ್ಚಿತು. ಇ ಪಾಲು 400 ತಾನೇ? ಹಾಗಾದರೆ ನಾನು ಆರಿಸಿದ್ದು ಇಯನ್ನಲ್ಲ. ಡಿ, ಇ, ಎಫ್ ಮೂರೂ ಇರುವ ಇಡೀ ಡಿಸ್ಕನ್ನು. ಕ್ಲೀನ್ ಎಂಬುದು ಒಂದು ಪಾಲನ್ನು ಅಳಿಸುವ ಆಜ್ಞೆಯಲ್ಲ, ಪಾಲು ಪಟ್ಟಿಯ ದಾಖಲೆಯನ್ನೇ ಅಳಿಸುವ ಆಜ್ಞೆ. ಮುಂಚೆ 'ಖಚಿತವೇ?' ಎಂದು ಅದು ಕೇಳುವುದೂ ಇಲ್ಲ. ಬೆರಳು ತೆಗೆದು, ಕಿಟಕಿಯನ್ನೇ ಮುಚ್ಚಿ, ಎದ್ದು ಹೋಗಿ ಬಾಗಿಲಲ್ಲಿ ನಿಂತು ಮಳೆ ನೋಡಿದೆ. ಎದೆ ಹೊಡೆದುಕೊಳ್ಳುತ್ತಿತ್ತು.

ಮತ್ತೆ ಫೋನ್ ಮಾಡಿ ಬೈದೆ. "ನೀವು ಡ್ರೈವ್ ಎಂದಿರಿ, ಬೇರೆ ಡಿಸ್ಕ್ ಇರಬೇಕು ಎಂದುಕೊಂಡೆ" ಎಂದ ಅವನು. ತಪ್ಪು ಅವನದೂ ಅಲ್ಲ. ನಾವು ಡಿ ಡ್ರೈವ್, ಇ ಡ್ರೈವ್ ಎಂದೇ ಕರೆದು ರೂಢಿ. ಬೇರೆ ಬೇರೆ ಪೆಟ್ಟಿಗೆಗಳೆಂಬ ಭಾವನೆ ಅದರಿಂದಲೇ ಹುಟ್ಟುತ್ತದೆ. ನಿಜಕ್ಕೂ ಪಾಲು ಎಂಬುದು ಗದ್ದೆಯ ಬದುವಿನಂತೆ, ನಾವು ಹಾಕಿದ ಗೆರೆ. ನಮ್ಮ ಕಡೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರುತ್ತದೆ. ಪಕ್ಕದ ತೋಟಕ್ಕೆ ಕೊಳೆ ಬಿದ್ದದ್ದು ಗೊತ್ತಾದರೆ ನಮ್ಮ ತೋಟಕ್ಕೆ ಅಂದೇ ಬೋರ್ಡೋ ದ್ರಾವಣ ಹೊಡೆಸಲು ಓಡುತ್ತೇವೆ. ಬೇಲಿ ಇದೆಯಲ್ಲ ಎಂದು ಯಾರೂ ಸುಮ್ಮನಿರುವುದಿಲ್ಲ. ಇಷ್ಟು ತಿಳಿದ ಊರಿನಲ್ಲಿ ಹುಟ್ಟಿ, ಇ ಕೆಟ್ಟರೆ ಡಿಗೇನು ಎಂದು ಮೂರು ದಿನ ಆಟವಾಡಿದ್ದೆ. ಕೆಟ್ಟದ್ದನ್ನು ಡಿಗೂ ಎಫ್‌ಗೂ ಹೊತ್ತು ಹಾಕಿದ್ದೆ ಬೇರೆ.

ಅಕ್ಕನ ಮಗ ಈಗ ಊಟ ಮುಗಿಸಿ ಗಂಭೀರನಾಗಿದ್ದ. ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಮಾತೇ ಎತ್ತಬೇಡಿ, ಮೊದಲು ಡಿಸ್ಕ್ ತಾನೇ ಏನು ಹೇಳುತ್ತಿದೆ ನೋಡೋಣ ಎಂದ. ಎರಡು ಕಡೆ ನೋಡಲು ಹೇಳಿದ. ಒಂದು, ವಿಂಡೋಸ್‌ನ ಈವೆಂಟ್ ವ್ಯೂವರ್. ಅಲ್ಲಿ ನನ್ನ ಮೂರು ದಿನದ ಹಠದ ಚರಿತ್ರೆಯೆಲ್ಲ ದಾಖಲಾಗಿತ್ತು. ಸಂಖ್ಯೆ 7ರ ಸಾಲುಗಳು: ಈ ಸಾಧನದಲ್ಲಿ ಕೆಟ್ಟ ಬ್ಲಾಕ್ ಇದೆ. ನಡುನಡುವೆ ಸಂಖ್ಯೆ 153ರ ಸಾಲುಗಳು: ಇಂಥ ವಿಳಾಸದ ಕೆಲಸವನ್ನು ಮತ್ತೆ ಪ್ರಯತ್ನಿಸಲಾಯಿತು. ಫಾರ್ಮ್ಯಾಟ್ ಕಿಟಕಿ ಮುಚ್ಚಿಟ್ಟ ಕಾರಣ ಇಲ್ಲಿ ಸಾಲುಸಾಲಾಗಿ ಬಿದ್ದಿತ್ತು. ಕೆಲವು ಸಾಲುಗಳ ದಿನಾಂಕ ನೋಡಿದರೆ ಏಪ್ರಿಲ್. ಮದುವೆ ಪತ್ರಿಕೆಗಳ ಭರಾಟೆಯಲ್ಲಿ ನಾನು ಇ ನಿಧಾನವಾಯಿತೆಂದು ಗೊಣಗುತ್ತಿದ್ದ ದಿನಗಳವು.

ಎರಡನೆಯದು ಸ್ಮಾರ್ಟ್. ಹಾರ್ಡ್‌ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ತಂತ್ರಾಂಶವಿದೆ. ಹಾಕಿ ತೆರೆದರೆ ಎಸ್‌ಎಸ್‌ಡಿಗೆ ನೀಲಿ, ಹಾರ್ಡ್‌ಡಿಸ್ಕ್‌ಗೆ ಹಳದಿ. ಎಚ್ಚರಿಕೆಯ ಹಳದಿ. ಓಡಿದ ಗಂಟೆಗಳು 31 ಸಾವಿರಕ್ಕೂ ಮೇಲೆ. ಕೆಳಗಿನ ಉದ್ದ ಪಟ್ಟಿಯಲ್ಲಿ ಮೂರು ಸಾಲು ಮಾತ್ರ ನೋಡಿ ಎಂದ. 05, ಸಿ5, ಸಿ7.

05 ಎಂದರೆ ಬದಲಿ ಹಾಕಿದ ಸೆಕ್ಟರ್‌ಗಳ ಸಂಖ್ಯೆ. ಸೆಕ್ಟರ್ ಎಂದರೆ ಡಿಸ್ಕ್‌ನ ಮೇಲೆ ದತ್ತಾಂಶ ಬರೆದಿಡುವ ಸಣ್ಣ ತುಂಡು. ಕಾರ್ಖಾನೆಯಿಂದಲೇ ಡಿಸ್ಕ್‌ನಲ್ಲಿ ಒಂದಷ್ಟು ಸೆಕ್ಟರ್‌ಗಳನ್ನು ಮೀಸಲಿಟ್ಟಿರುತ್ತಾರೆ; ಯಾವುದಾದರೂ ಕೆಟ್ಟರೆ ಅದರ ಬದಲಿಗೆ ಮೀಸಲಿನದ್ದನ್ನು ಸದ್ದಿಲ್ಲದೆ ಕೂರಿಸುತ್ತದೆ. ನನ್ನದು ಸೊನ್ನೆ. ಖುಷಿಪಟ್ಟೆ. ಸಿ5 ಎಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಅಲ್ಲಿ 38 ಎಂದಿತ್ತು. "ಮೂವತ್ತೆಂಟು" ಎಂದು ಓದಿ ಹೇಳಿದೆ. "ಅಲ್ಲ ಮಾವ, ಅದು ಹದಿನಾರರ ಮಡಿಯ ಲೆಕ್ಕ. ಮೂರು ಹದಿನಾರು ನಲವತ್ತೆಂಟು, ಮೇಲೆ ಎಂಟು. ಐವತ್ತಾರು" ಎಂದ. ಐವತ್ತಾರು ಎಂದರೆ ಏಳೆಂಟಲೆ. ಇದರಲ್ಲೂ ಒಂದು ಗುಟ್ಟಿದೆ. ಈಗಿನ ಡಿಸ್ಕ್‌ಗಳಲ್ಲಿ ನಿಜವಾದ ಸೆಕ್ಟರ್ 4096 ಬೈಟ್‌ನದು. ಹಳೆಯ ರೂಢಿಗೆಂದು ಹೊರಗೆ ಅದನ್ನು 512ರ ಎಂಟು ತುಂಡುಗಳಾಗಿ ತೋರಿಸುತ್ತದೆ. ಹಾಗಾಗಿ ನನ್ನ ಡಿಸ್ಕ್‌ನಲ್ಲಿ ಕೈಕೊಟ್ಟ ಜಾಗಗಳು ಏಳೇ ಏಳು. ಏಳು ಚುಕ್ಕೆಗಳಿಗೆ ಇಷ್ಟು ರಂಪವೇ ಎಂದು ನನಗೆ ಅನಿಸಿತು. ಅವನಿಗೂ ಅನಿಸಿತು. ಅದಕ್ಕೇ ಸಿ7 ನೋಡಲು ಹೇಳಿದ.

ಸಿ7ರಲ್ಲಿ 1ಎ4 ಎಂದಿತ್ತು. ನಮ್ಮ ಲೆಕ್ಕದಲ್ಲಿ 420. ಇದು ಡಿಸ್ಕ್‌ನ ತಟ್ಟೆಗೆ ಸಂಬಂಧಿಸಿದ ರೋಗವೇ ಅಲ್ಲ. ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ದಾರಿಯಲ್ಲಿ ದತ್ತಾಂಶ ಕೆಟ್ಟ ಸಲಗಳ ಎಣಿಕೆ. ಎಂದರೆ ಬಹುಮಟ್ಟಿಗೆ ಕೇಬಲ್.

ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಹನ್ನೊಂದು ಮಳೆಗಾಲದ ಧೂಳು ತೇವ ಕುಡಿದು ಕಂಬಳಿಯಾಗಿತ್ತು. ಕೆಂಪು ಸಾಟಾ ಕೇಬಲ್ ಡಿಸ್ಕ್‌ನ ಹಿಂಬದಿಯಲ್ಲಿ ಚೂಪಾಗಿ ಮಡಚಿಕೊಂಡು ತಗಡಿಗೆ ಒತ್ತಿಕೊಂಡಿತ್ತು. ಪ್ರತಿ ಸಲ ತಗಡು ಮುಚ್ಚುವಾಗ ನಾನೇ ಅದನ್ನು ಅಮುಕಿದ್ದೇನೆ. ಕೇಬಲ್‌ನ ತುದಿಯಲ್ಲಿ ಹಿಡಿದುಕೊಳ್ಳುವ ಲೋಹದ ಕೊಕ್ಕೆಯೂ ಇರಲಿಲ್ಲ, ಬೆರಳಲ್ಲಿ ಮುಟ್ಟಿದರೆ ಅಲ್ಲಾಡುತ್ತಿತ್ತು. ರಾತ್ರಿ ಒಂಬತ್ತಕ್ಕೆ ಸಾಗರದಲ್ಲಿ ಕೇಬಲ್ ಎಲ್ಲಿ ಸಿಗಬೇಕು? ಆಗ ನೆನಪಾದದ್ದು ಡಿವಿಡಿ ಡ್ರೈವ್. ಅದನ್ನು ಕೊನೆಯ ಸಲ ಯಾವಾಗ ತೆರೆದಿದ್ದೆ ಎಂಬುದೂ ಮರೆತಿದೆ. ಅದಕ್ಕೂ ಅದೇ ಬಗೆಯ ಕೇಬಲ್. ಕಿತ್ತು ಹಾರ್ಡ್‌ಡಿಸ್ಕ್‌ಗೆ ಹಾಕಿದೆ. ಕೊಕ್ಕೆ ಕೂತ 'ಕ್ಲಿಕ್' ಕೇಳಿ ಮನಸ್ಸಿಗೆ ಸಮಾಧಾನವಾಯಿತು. ಯಂತ್ರ ಹಚ್ಚಿದರೆ ಸಿ7 ಅದೇ 420. ಆ ಎಣಿಕೆ ಎಂದೂ ಇಳಿಯುವುದಿಲ್ಲ, ಏರದಿದ್ದರೆ ಗೆದ್ದಂತೆ. ಒಂದಿಷ್ಟು ಕಡತ ತೆರೆದು ಮುಚ್ಚಿ ನೋಡಿದೆ. ಏರಲಿಲ್ಲ.

ಈಗ ಫಾರ್ಮ್ಯಾಟ್ ಆಗಿಯೇ ಆಗುತ್ತದೆ ಎಂದು ಕೈ ತುರಿಸಿತು. ಅಕ್ಕನ ಮಗ ಬಿಡಲಿಲ್ಲ. ಡಿಯನ್ನು ಹೊರಗೆ ತೆಗೆಯದೆ ಮತ್ತೇನನ್ನೂ ಮಾಡಬೇಡಿ, ಚೆಕ್‌ಡಿಸ್ಕ್ ಕೂಡ ಬೇಡ; ಕೆಟ್ಟ ಸೆಕ್ಟರ್ ಹುಡುಕಲು ಅದು ಡಿಸ್ಕ್ ಪೂರ್ತಿ ಉಜ್ಜುತ್ತದೆ, ದುರಸ್ತಿ ಎಂದು ಕಡತ ವ್ಯವಸ್ಥೆಯನ್ನೂ ತಿದ್ದುತ್ತದೆ, ಸಾಯುವ ಡಿಸ್ಕ್‌ಗೆ ಎರಡೂ ಒಳ್ಳೆಯದಲ್ಲ ಎಂದ. ಪರಿಚಯದ ಸ್ಟುಡಿಯೊದವರಿಂದ ಎರಡು ಟಿಬಿಯ ಹೊರ ಡಿಸ್ಕ್ ಎರವಲು ತಂದೆ. ಒಂದು ಪೆನ್‌ಡ್ರೈವ್‌ಗೆ ವಿಂಡೋಸ್ ಬದಲು ಬಳಸಬಹುದಾದ ಉಬುಂಟು ಎಂಬ ಲಿನಕ್ಸ್ ಹಾಕಿ, ಅದರಿಂದಲೇ ಯಂತ್ರ ಚಾಲೂ ಮಾಡಿ, ಮೊಬೈಲ್‌ನ ಇಂಟರ್ನೆಟ್ ಕೊಟ್ಟು ಡಿಡಿರೆಸ್ಕ್ಯೂ ಎಂಬ ಸಲಕರಣೆ ಇಳಿಸಿಕೊಂಡೆ. ಆ ಪೆನ್‌ಡ್ರೈವನ್ನು ವಿಂಡೋಸ್‌ನಲ್ಲಿ ಚುಚ್ಚಿದಾಗ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಕಿಟಕಿ ಏಳುತ್ತದೆ; ಹಾಳಾದ ಇ ಪಾಲನ್ನು ಮುಟ್ಟಿದರೂ ಅದೇ ಕಿಟಕಿ. ವಿಂಡೋಸ್‌ಗೆ ಓದಲು ಬಾರದ್ದೆಲ್ಲ ಖಾಲಿ ಎಂಬ ಲೆಕ್ಕ. ಆ ಕಿಟಕಿಗೆ ಹೂಂ ಎಂದು ಎಷ್ಟು ಜನ ತಮ್ಮ ಮಕ್ಕಳ ಫೋಟೊ ಕಳೆದುಕೊಂಡು ನನ್ನ ಅಂಗಡಿಗೆ ಬಂದಿಲ್ಲ!

ಡಿಡಿರೆಸ್ಕ್ಯೂ ಕೆಲಸ ಮಾಡುವ ಬಗೆ ನನಗೆ ಬಹಳ ಹಿಡಿಸಿತು. ಮಾಮೂಲಿ ಕಾಪಿ ಕೆಟ್ಟ ಜಾಗ ಸಿಕ್ಕಲ್ಲಿ ಹಟ ಹಿಡಿದು ಕೂರುತ್ತದೆ. ಇದು ಮರ ಹತ್ತಿ ಅಡಿಕೆ ಕೊನೆ ಇಳಿಸುವ ಅನುಭವಸ್ಥ ಕೊನೆಗೌಡನಂತೆ. ಸುಲಭವಾಗಿ ಸಿಗುವ ಕೊನೆಗಳನ್ನೆಲ್ಲ ಮೊದಲು ಇಳಿಸುತ್ತದೆ, ಕಷ್ಟದ ಮರವನ್ನು ಗುರುತಿಟ್ಟುಕೊಂಡು ಮುಂದೆ ಹಾರುತ್ತದೆ, ಎಲ್ಲ ಮುಗಿದ ಮೇಲೆ ಹಿಂದಿರುಗಿ ಬಿಟ್ಟದ್ದರ ಅಂಚು ಕತ್ತರಿಸಿ, ಕೆರೆದು, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿವರೆಗೆ ಬಂದೆ, ಏನು ಬಿಟ್ಟೆ ಎಂಬುದನ್ನೆಲ್ಲ ಒಂದು ಸಣ್ಣ ನಕ್ಷೆಯ ಕಡತದಲ್ಲಿ ಬರೆಯುತ್ತಾ ಹೋಗುತ್ತದೆ. ಆ ನಕ್ಷೆಯನ್ನು ಹೊರ ಡಿಸ್ಕ್‌ನಲ್ಲೇ ಇಡಿ, ಪೆನ್‌ಡ್ರೈವ್‌ನಿಂದ ನಡೆಯುವ ಉಬುಂಟು ಆರಿದರೆ ಅದರ ನೆನಪೂ ಆರಿಹೋಗುತ್ತದೆ ಎಂದು ಅವನು ಎರಡು ಸಲ ಹೇಳಿದ್ದ. ಹೇಳಿದ್ದು ಒಳ್ಳೆಯದಾಯಿತು. ರಾತ್ರಿ ಹನ್ನೊಂದಕ್ಕೆ ಗಾಳಿ ಎದ್ದು ಎಲ್ಲೋ ಮರ ಬಿತ್ತು, ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಅದರ ಹತ್ತು ನಿಮಿಷದೊಳಗೆ ಎಲ್ಲವನ್ನೂ ನಿಲ್ಲಿಸಿ ಆರಿಸಿ ಮನೆಗೆ ಹೋದೆ. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಅದೇ ಆಜ್ಞೆಯನ್ನು ಮತ್ತೆ ಕೊಟ್ಟೆ. ನಿಂತಲ್ಲಿಂದಲೇ ಹೊರಟಿತು.

ಡಿಯ 300 ಜಿಬಿಯಲ್ಲಿ ಕೊನೆಗೂ ಬಾರದೆ ಉಳಿದದ್ದು 4096 ಬೈಟ್. ಒಂದೇ ಒಂದು ಸೆಕ್ಟರ್. ಎಫ್ ಪೂರ್ತಿ ಬಂತು. ಏಳು ಚುಕ್ಕೆಗಳಲ್ಲಿ ಆರು ಇಯಲ್ಲಿ, ಒಂದು ಬದು ದಾಟಿ ಡಿಯಲ್ಲಿ.

ಆ ಒಂದು ಸೆಕ್ಟರ್ ಯಾವ ಕಡತದ್ದು? ಸಾವಿರಾರು ಕಡತಗಳನ್ನು ಒಂದೊಂದಾಗಿ ತೆರೆದು ನೋಡುವುದು ಆಗುವ ಮಾತಲ್ಲ. ಇದಕ್ಕೂ ಡಿಡಿರೆಸ್ಕ್ಯೂನಲ್ಲಿ ಒಂದು ಉಪಾಯವಿದೆ. ನಕಲಿನಲ್ಲಿ ಬಾರದೆ ಖಾಲಿ ಉಳಿದ ಜಾಗಗಳಿಗೆ ಮಾತ್ರ ನಮಗೆ ಬೇಕಾದ ಯಾವುದಾದರೂ ಮಾತನ್ನು ತುಂಬಲು ಹೇಳಬಹುದು. ಆಮೇಲೆ ಆ ಮಾತು ಯಾವ ಕಡತದಲ್ಲಿದೆ ಎಂದು ಹುಡುಕಿದರೆ ಆಯಿತು. ಅಕ್ಕನ ಮಗ ನನ್ನ ಪರದೆಯನ್ನು ದೂರದಿಂದಲೇ ಹಿಡಿದುಕೊಂಡು ಟೈಪ್ ಮಾಡುತ್ತಿದ್ದ. ಏನು ತುಂಬಲಿ ಎಂದು ಕೇಳಿ, ನಾನು ಉತ್ತರಿಸುವ ಮೊದಲೇ 'ಇಲ್ಲಿ ಹುಳ ತಿಂದಿದೆ' ಎಂದು ಕನ್ನಡದಲ್ಲೇ ಬರೆದ. ಹುಡುಕಲು ಬಿಟ್ಟು ಊಟಕ್ಕೆ ಹೋಗಿ ಬಂದೆ. ಪರದೆಯ ಮೇಲೆ ಒಂದೇ ಹೆಸರು. 2011ರಲ್ಲಿ ನಾನು ಪುಟ ಕಟ್ಟಿದ ಶಾಲೆಯೊಂದರ ಸ್ಮರಣ ಸಂಚಿಕೆಗೆಂದು ಸ್ಕ್ಯಾನ್ ಮಾಡಿದ್ದ ಗುಂಪು ಫೋಟೊ.

ತೆರೆದೆ. ಮೇಲೆ ಶಾಲೆಯ ಹಂಚಿನ ಮಾಡು, ಅದರ ಕೆಳಗೆ ನಿಂತ ಎರಡು ಸಾಲು ಹುಡುಗರು ಸ್ವಚ್ಛವಾಗಿದ್ದರು. ಮೂರನೆಯ ಸಾಲಿನವರ ಎದೆಯ ಹತ್ತಿರ ಚಿತ್ರ ಪಕ್ಕಕ್ಕೆ ಸರಿದಿತ್ತು. ಅದರ ಕೆಳಗೆ ಕುರ್ಚಿಯಲ್ಲಿ ಕುಳಿತ ಮೇಷ್ಟರುಗಳು, ನೆಲದಲ್ಲಿ ಕುಳಿತು ಸ್ಲೇಟು ಹಿಡಿದ ಪುಟ್ಟ ಹುಡುಗ, ಎಲ್ಲ ಬರೀ ಬೂದು. ಕಳೆದದ್ದು ನಾಲ್ಕು ಕೆಬಿ. ಜೆಪೆಗ್ ಬಗೆಯ ಚಿತ್ರದ ಕಡತ ಮೇಲಿಂದ ಕೆಳಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬರುತ್ತದೆ, ನಡುವೆ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಹೋದಂತೆ.

ನಕಲು ಕೈಯಲ್ಲಿದ್ದ ಮೇಲೆ ಫಾರ್ಮ್ಯಾಟ್‌ಗೆ ಮರಳಿದೆ. ಇ ಪಾಲು, ಪೂರ್ತಿ ಫಾರ್ಮ್ಯಾಟ್, ಹೊಸ ಕೇಬಲ್. ಅರವತ್ತು, ಅರವತ್ತೊಂದು. ಅರವತ್ತೆರಡರಲ್ಲಿ ನಿಂತಿತು. ಟಕ್ ಎಂದಿತು. ನಾನು ಕುರ್ಚಿಯ ತುದಿಗೆ ಬಂದೆ. ಮತ್ತೊಂದು ಟಕ್. ಅರವತ್ತಮೂರು. ಅದಾದ ಮೇಲೆ ಎಲ್ಲೂ ನಿಲ್ಲದೆ ನೂರಕ್ಕೆ ಹೋಯಿತು. ಸ್ಮಾರ್ಟ್ ನೋಡಿದರೆ ಸಿ5 56ರಿಂದ 8ಕ್ಕೆ ಇಳಿದಿತ್ತು. ಆ ಎಂಟು ಡಿಯಲ್ಲಿದ್ದ ಒಂಟಿ ಸೆಕ್ಟರ್‌ನದು. 05 ಸೊನ್ನೆಯಿಂದ 16ಕ್ಕೆ ಏರಿತ್ತು. ಓದಲು ಬಾರದ ಸೆಕ್ಟರನ್ನು ಡಿಸ್ಕ್ ತಾನಾಗಿ ಬದಲಿಸುವುದಿಲ್ಲ, ಒಳಗೆ ಏನಿತ್ತೆಂದು ಅದಕ್ಕೂ ಗೊತ್ತಿಲ್ಲವಲ್ಲ. ಮೇಲೆ ಹೊಸದನ್ನು ಬರೆಯಲು ಬಂದಾಗ ತೀರ್ಮಾನಿಸುತ್ತದೆ: ಬರೆದದ್ದು ನಿಂತರೆ ಸರಿ, ನಿಲ್ಲದಿದ್ದರೆ ಬದಲಿ. ಆರು ಜಾಗಗಳಲ್ಲಿ ನಾಲ್ಕು ಬದುಕಿಕೊಂಡಿದ್ದವು, ಎರಡು ಸತ್ತಿದ್ದವು. ಮುಂಚೆ ಇದು ಏಕೆ ಆಗಲಿಲ್ಲ ಎಂದರೆ, ಡಿಸ್ಕ್ ಒಳಗೆ ಹೆಣಗಾಡುವಾಗಲೇ ಹೊರಗೆ ಕೇಬಲ್ ಮಾತು ತಪ್ಪಿಸುತ್ತಿತ್ತು ಎಂಬುದು ನಮ್ಮಿಬ್ಬರ ಊಹೆ. ಒಂದೊಂದಾಗಿ ಬಂದಿದ್ದರೆ ಎರಡೂ ಸಣ್ಣ ದೋಷಗಳೇ.

ಗೆದ್ದೆ ಎಂದುಕೊಂಡು ಅಕ್ಕನ ಮಗನಿಗೆ ಹೇಳಿದರೆ ಅವನು ಖುಷಿಪಡಲಿಲ್ಲ. ಒಂದು ರಾತ್ರಿ ಬ್ಯಾಡ್‌ಬ್ಲಾಕ್ಸ್ ಓಡಿಸಿ ಎಂದ. ಇದು ಲಿನಕ್ಸ್‌ನ ಒರಟು ಪರೀಕ್ಷೆ. ಬರೆಯುವ ಬಗೆಯಲ್ಲಿ ಓಡಿಸಿದರೆ ನಾಲ್ಕು ವಿನ್ಯಾಸಗಳನ್ನು ಪಾಲಿನ ತುಂಬ ಬರೆದು ಪ್ರತಿಯೊಂದನ್ನೂ ಓದಿ ತಾಳೆ ನೋಡುತ್ತದೆ. ಒಳಗಿದ್ದದ್ದು ಏನೂ ಉಳಿಯುವುದಿಲ್ಲ, ಹಾಗಾಗಿ ಪಾಲಿನ ಹೆಸರನ್ನು ಮೂರು ಸಲ ಓದಿ ಎಂಟರ್ ಒತ್ತಿದೆ. ಒಂಬತ್ತು ಗಂಟೆಗೂ ಮೀರಿ ನಡೆಯಿತು. ಬೆಳಿಗ್ಗೆ ಬಂದು ನೋಡಿದರೆ ಕೆಟ್ಟ ಬ್ಲಾಕ್‌ಗಳು ಸೊನ್ನೆ ಎಂದು ವರದಿ. ಆದರೆ 05 ಹದಿನಾರರಿಂದ 88ಕ್ಕೆ ಹಾರಿತ್ತು. ರಾತ್ರಿಯಿಡೀ ಡಿಸ್ಕ್ ಒಂಬತ್ತು ಕಡೆ ಸೋತು, ಸೋತಲ್ಲೆಲ್ಲ ಮೀಸಲಿನಿಂದ ಬದಲಿ ತಂದಿಟ್ಟು, ಪರೀಕ್ಷಕರ ಮುಂದೆ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ವರದಿ ಸುಳ್ಳಲ್ಲ. ನಾನು ನೋಡಬೇಕಾದ ಜಾಗ ಅದಾಗಿರಲಿಲ್ಲ.

ಶ್ರಾವಣ ಹತ್ತಿರ ಬರುತ್ತಿತ್ತು, ಪತ್ರಿಕೆಗೆ ವಿಚಾರಿಸುವವರು ಶುರುವಾಗಿದ್ದರು. ಶಿವಮೊಗ್ಗಕ್ಕೆ ಹೋಗಿ ಎರಡು ಟಿಬಿಯ ಹೊಸ ಡಿಸ್ಕ್ ತಂದೆ, ಜೊತೆಗೆ ಕೊಕ್ಕೆಯಿರುವ ಎರಡು ಕೇಬಲ್. ಹೊಸದೆಂಬ ಕಾರಣಕ್ಕೆ ಕ್ವಿಕ್ ಮಾಡದೆ ಅದಕ್ಕೂ ಪೂರ್ತಿ ಫಾರ್ಮ್ಯಾಟ್ ಹಚ್ಚಿ ಒಂದು ದಿನ ಅಂಗಡಿಯ ಕೆಲಸ ನಿಲ್ಲಿಸಿದೆ. 05, ಸಿ5, ಸಿ7 ಮೂರೂ ಸೊನ್ನೆ. ಈ ಸಲ ಪಾಲು ಮಾಡಲಿಲ್ಲ, ಇಡೀ ಎರಡು ಟಿಬಿ ಒಂದೇ ಗದ್ದೆ. ಬದಲಿಗೆ ಪ್ರತಿ ಶನಿವಾರ ಸಂಜೆ ಹೊರ ಡಿಸ್ಕ್‌ಗೆ ನಕಲು ಹೋಗುವಂತೆ ಮಾಡಿದ್ದೇನೆ.

ಹಳೆಯ ಡಿಸ್ಕನ್ನು ಗುಜರಿಗೆ ಕೊಡುವಂತಿರಲಿಲ್ಲ. ಅದರಲ್ಲಿ ಅರ್ಧ ಊರಿನ ಆಧಾರ್ ಪ್ರತಿಗಳು, ಪಾಸ್‌ಬುಕ್‌ಗಳು ಇದ್ದವು. ಡಿಸ್ಕ್‌ಪಾರ್ಟ್ ತೆರೆದು, ಅಂದು ಬೆರಳು ಹಿಂತೆಗೆದ ಅದೇ ಆಜ್ಞೆಯನ್ನು 'ಆಲ್' ಎಂಬ ಬಾಲ ಸೇರಿಸಿ ಕೊಟ್ಟೆ. ಬಾಲವಿಲ್ಲದಿದ್ದರೆ ಅದು ಪಟ್ಟಿ ಅಳಿಸಿ ಸುಮ್ಮನಾಗುತ್ತದೆ, ಬಾಲವಿದ್ದರೆ ತುದಿಯಿಂದ ತುದಿಗೆ ಸೊನ್ನೆ ಬರೆಯುತ್ತದೆ. ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು. ಆದರೂ ಬದಲಿಯಾಗಿ ಮೂಲೆಗೆ ಸರಿದ ಸೆಕ್ಟರ್‌ಗಳನ್ನು ಈ ಆಜ್ಞೆ ಮುಟ್ಟಲಾರದು. ಎದುರಿನ ಬಡಗಿಯಿಂದ ಡ್ರಿಲ್ ಕೇಳಿ ತಂದು ನಾಲ್ಕು ತೂತು ಕೊರೆದೆ.

ಶ್ರಾವಣದ ಮೊದಲ ವಾರ, ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ, ಆ ಗುಂಪು ಫೋಟೊದ ಮೂಲ ಪ್ರತಿ ಇರುವ ನಿವೃತ್ತ ಮೇಷ್ಟರ ಮನೆಗೆ ಹೋದೆ. ಅದೇ ಜಗಲಿ, ಅದೇ ಮೊಳೆ, ಅದೇ ಚೌಕಟ್ಟು. ಬಂದ ಕಾರಣ ಹೇಳಿದೆ. "ನಿನ್ನ ಡಬ್ಬಿಗೂ ಹುಳ ಬಿತ್ತೇನೋ ಮಾರಾಯ" ಎಂದು ನಕ್ಕು ಚೌಕಟ್ಟು ಇಳಿಸಿ ಕೊಟ್ಟರು. ಗಾಜು ಒರೆಸಿ ನೋಡಿದರೆ ಗೋಡೆಯ ತೇವ ಇಳಿದು ಮೇಲಿನ ಅಂಚು ಕಂದಿತ್ತು. ಶಾಲೆಯ ಮಾಡಿನ ಒಂದು ಬದಿ, ಹಿಂದಿನ ಸಾಲಿನ ಮೂವರ ಮುಖ ಕಾಣುತ್ತಿರಲಿಲ್ಲ. ಕೆಳಗಿನವರು ಚೆನ್ನಾಗಿದ್ದರು. ಅಂಗಡಿಗೆ ತಂದು ಕೆಳಗಿನ ಅರ್ಧ ಸ್ಕ್ಯಾನ್ ಮಾಡಿ, ಡಿಯಿಂದ ಉಳಿದು ಬಂದ ಮೇಲಿನ ಅರ್ಧಕ್ಕೆ ಸೇರಿಸಿದೆ. ಹನ್ನೆರಡು ವರ್ಷಕ್ಕೂ ಹೆಚ್ಚು ಅಂತರದ ಎರಡು ಸ್ಕ್ಯಾನ್‌ಗಳ ಬಣ್ಣ ಎಷ್ಟು ತಿದ್ದಿದರೂ ಕೂಡಲಿಲ್ಲ. ಮೂರನೆಯ ಸಾಲಿನ ಹುಡುಗರ ಅಂಗಿಯ ಮೇಲೆ, ಎರಡನೆಯ ಗುಂಡಿಯ ಕೆಳಗೆ, ಒಂದು ಗೆರೆ ಉಳಿದೇ ಇದೆ.